ಮಾಡೋಕೆ ಬೇರೆ ಉದ್ಯೋಗ ಇಲ್ವಾ? ಒಂದು ಚಿಕಿತ್ಸೆಯ ನೂರು ವರ್ಷಗಳ ಲೆಕ್ಕ



ಈ ಬಾರಿಯ ಪ್ರಧಾನ ಭಾಷಣ ನೀವು ಮಾಡಬೇಕು ಎಂದು ಸಂಘದವರು ಫೋನ್ ಮಾಡಿದಾಗ ವಿಷಯ ತೆರಿಗೆಯೇ ಇರಬೇಕು ಅಂದುಕೊಂಡೆ. ನಾನು ಚಾರ್ಟರ್ಡ್ ಅಕೌಂಟೆಂಟ್. ಯಾವ ಮದುವೆಗೆ ಹೋದರೂ ಪಾಯಸ ಬರುವ ಹೊತ್ತಿಗೆ ಪಕ್ಕದವರು ಊರಿನ ಬಾಡಿಗೆ ಆದಾಯಕ್ಕೆ ಇಲ್ಲಿ ತೆರಿಗೆ ಉಂಟೇ ಎಂದು ಕೇಳಿಯೇ ಕೇಳುತ್ತಾರೆ. ನಾನು ಮಾತಾಡಬೇಕೆಂದಿರುವುದು ಆಕ್ಯುಪೇಷನಲ್ ಥೆರಪಿಯ ಚರಿತ್ರೆ ಅಂದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ಸಾರ್, ಅದು ಡಾಕ್ಟರುಗಳ ವಿಷಯ ಅಲ್ವಾ?" ಅಂದರು. ಅಲ್ಲ. ಅದು ನಮ್ಮ ವಿಷಯ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಬಿಟ್ಟು ಇಲ್ಲಿ ಸಂಬಳ ಎಣಿಸುವವರೆಲ್ಲರ ವಿಷಯ. ಯಾಕೆ ಅನ್ನುವುದನ್ನು ಹೇಳಲಿಕ್ಕೆ ನನಗೆ ಅರ್ಧ ಗಂಟೆ ಕೊಟ್ಟಿದ್ದಾರೆ.

ಮೊದಲು ಹೆಸರು. ಆಕ್ಯುಪೇಷನಲ್ ಥೆರಪಿಗೆ ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಎನ್ನುತ್ತಾರೆ. ಕೇಳಿದ ಕೂಡಲೇ ಕೆಲಸ ಕಳೆದುಕೊಂಡವರಿಗೆ ಕೊಡುವ ತರಬೇತಿಯೇನೋ ಅನ್ನಿಸುತ್ತದೆ. ನಮ್ಮ ತಂದೆಗೆ ವೈದ್ಯರು ಇದನ್ನು ಸೂಚಿಸಿದಾಗ ನಾನೂ, "ಎಪ್ಪತ್ತಾರು ವರ್ಷದವರಿಗೆ ಇನ್ನು ಯಾವ ಉದ್ಯೋಗ ಡಾಕ್ಟರ್?" ಎಂದು ಕೇಳಿದ್ದೆ. ಆದರೆ ಸರಿಯಾದ ಅರ್ಥ ನಮ್ಮ ಮನೆಮಾತಿನಲ್ಲೇ ಇದೆ. ಚಿಕ್ಕವರಿದ್ದಾಗ ಸುಮ್ಮನೆ ಗೋಡೆ ಗೀಚುತ್ತಿದ್ದರೆ ಅಮ್ಮ ಏನಂತ ಬೈಯುತ್ತಿದ್ದರು? "ಮಾಡೋಕೆ ಬೇರೆ ಉದ್ಯೋಗ ಇಲ್ವಾ?" ಅಲ್ಲಿ ಉದ್ಯೋಗ ಅಂದರೆ ನೌಕರಿಯಲ್ಲ. ಕೈಗೂ ಮನಸ್ಸಿಗೂ ಹಿಡಿಸುವಂಥ, ದಿನವನ್ನು ತುಂಬುವಂಥ ಯಾವುದಾದರೂ ಕೆಲಸ. ಹಲ್ಲುಜ್ಜುವುದರಿಂದ ಹಿಡಿದು ಹೂ ಕಟ್ಟುವವರೆಗೆ. ಆ ಚಿಕಿತ್ಸೆ ಹೇಳುವುದೂ ಇದೇ ಉದ್ಯೋಗವನ್ನು.

ನಮ್ಮ ತಂದೆ ಸಾಗರದಲ್ಲಿ ಅಡಿಕೆ ಮಂಡಿಯೊಂದರ ಗುಮಾಸ್ತರಾಗಿದ್ದವರು. ನಾನು ಕಂಪ್ಯೂಟರಿನಲ್ಲಿ ಮಾಡುವುದನ್ನು ಅವರು ಕೆಂಪು ಬಟ್ಟೆಯ ಹೊದಿಕೆಯ ಉದ್ದ ಪುಸ್ತಕದಲ್ಲಿ ಮಾಡುತ್ತಿದ್ದರು. ಮೇಲೆ 'ಶ್ರೀ', ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು. ಮಂಡಿ ಬಿಟ್ಟ ಮೇಲೂ ಮನೆಯ ಕಿರ್ದಿ ಬರೆಯುವುದನ್ನು ಬಿಟ್ಟಿರಲಿಲ್ಲ. 2018ರಲ್ಲಿ ಅವರಿಗೆ ಸಣ್ಣ ಪಾರ್ಶ್ವವಾಯು ಆಯಿತು. ಎಡಗೈ ಬೇಗ ಸುಧಾರಿಸಿತು, ಮರೆವು ಸುಧಾರಿಸಲಿಲ್ಲ. ಕೆಲವು ತಿಂಗಳ ನಂತರ ಡಿಮೆನ್ಷಿಯಾ ಅಂದರು. ಪರೀಕ್ಷೆಯ ಕೋಣೆಯಲ್ಲಿ ನಾನೂ ಇದ್ದೆ. ನೂರರಲ್ಲಿ ಏಳು ಕಳೆಯಿರಿ ಅಂದರು, ತೊಂಬತ್ತಮೂರು ಅಂದರು. ಅದರಲ್ಲಿ ಇನ್ನೊಂದು ಏಳು ಕಳೆಯಿರಿ ಅಂದರು. ಅಪ್ಪ ನನ್ನ ಮುಖ ನೋಡಿದರು. ನನಗೆ ಕೂಡುವುದು ಕಳೆಯುವುದು ಕಲಿಸಿದವರು ಅವರು.

ಮೂರು ವಾರದ ರಜೆ ಇತ್ತು. ನಾನು ನಮ್ಮಂಥವರು ಮಾಡುವುದನ್ನೇ ಮಾಡಿದೆ. ಹಾಲಿನವನಿಗೆ, ಪೇಪರಿನವನಿಗೆ, ಕರೆಂಟಿಗೆ, ಎಲ್ಲಕ್ಕೂ ಆನ್‌ಲೈನ್ ಪಾವತಿ. ದಿನಸಿ ಮನೆ ಬಾಗಿಲಿಗೆ. ಬೀಳಬಾರದೆಂದು ಹಿತ್ತಲಿಗೆ ಹೋಗುವ ಬಾಗಿಲಿಗೆ ಚಿಲಕ. ಹಗಲಿಡೀ ನೋಡಿಕೊಳ್ಳಲು ಒಬ್ಬ ಹುಡುಗ. ಬೀರು ಜೋಡಿಸಿದೆ, ಹಳೆಯ ಕಿರ್ದಿ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದೆ. ತಿಂಗಳಿಗೆ ಇಷ್ಟು ಎಂದು ಬಜೆಟ್ ಮಾಡಿ, ಸಮಾಧಾನದಿಂದ ವಿಮಾನ ಹತ್ತಿದೆ. ನನ್ನ ಪ್ರಕಾರ ಅದು ತಪ್ಪಿಲ್ಲದ ವ್ಯವಸ್ಥೆ.

ಆರು ತಿಂಗಳಲ್ಲಿ ಅಪ್ಪ ಜಗುಲಿಯ ಕುರ್ಚಿಯಿಂದ ಏಳುವುದನ್ನು ಬಿಟ್ಟರು. ಊಟ ಬಾಯಿಗೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಯಿಲೆ ಮುಂದುವರಿದಿದೆ ಎಂದು ನಾವೆಲ್ಲ ಅಂದುಕೊಂಡೆವು. ಆಗ ಮನೆಗೆ ಬಂದವರು ಆಕ್ಯುಪೇಷನಲ್ ಥೆರಪಿಸ್ಟ್. ನನಗಿಂತ ಹದಿನೈದು ವರ್ಷ ಚಿಕ್ಕ ಹೆಣ್ಣುಮಗಳು. ನಾನು ವಿಡಿಯೋ ಕರೆಯಲ್ಲಿದ್ದೆ. ನಾಲಿಗೆ ತೋರಿಸಿ ಅನ್ನಲಿಲ್ಲ, ಸ್ಕ್ಯಾನ್ ಕೇಳಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮೊದಲು ಇವರು ಬೆಳಿಗ್ಗೆ ಎದ್ದು ಮಲಗುವ ತನಕ ಏನೇನು ಮಾಡ್ತಿದ್ರು? ಒಂದೊಂದಾಗಿ ಹೇಳಿ." ಅಮ್ಮ ಹೇಳುತ್ತಾ ಹೋದರು, ನಾನು ಅಭ್ಯಾಸಬಲದಿಂದ ಬರೆದುಕೊಂಡೆ. ಹಾಲಿನವನಿಗೆ ಚಿಲ್ಲರೆ ಕೊಡುವುದು, ಹಿತ್ತಲಿನಿಂದ ದೇವರಿಗೆ ಹೂ ಕೊಯ್ಯುವುದು, ಪೇಪರ್ ಓದುವುದು, ಅಂಗಡಿಗೆ ಹೋಗುವುದು, ಕಿರ್ದಿ ಬರೆಯುವುದು. ಒಟ್ಟು ಹದಿನಾಲ್ಕು. ಅದರಲ್ಲಿ ಪಾರ್ಶ್ವವಾಯು ತೆಗೆದುಕೊಂಡಿದ್ದು ಮೂರು. ಉಳಿದ ಹನ್ನೊಂದನ್ನು ತೆಗೆದಿದ್ದು ನಾನು.

ಈ ಪ್ರಶ್ನೆಯನ್ನು ಮೊದಲು ಕೇಳಿದವರು ಯಾರು? ಅದನ್ನು ಹುಡುಕಿಕೊಂಡು ಹೋಗಿದ್ದೇ ನನ್ನ ಈ ಓದು. ರಾತ್ರಿ ಕಚೇರಿಯ ಕೆಲಸ ಮುಗಿಸಿ ಓದಿದ್ದು, ಹಾಗಾಗಿ ಪಂಡಿತರ ಬರಹವೆಂದು ಭಾವಿಸಬೇಡಿ.

ಕಥೆಯ ಬೇರು ಯಾರ್ಕ್ ನಗರದಲ್ಲಿದೆ. ಮನೋರೋಗಿಗಳನ್ನು ಸರಪಳಿಯಲ್ಲಿ ಇಡುತ್ತಿದ್ದ ಕಾಲದಲ್ಲಿ, 1796ರಲ್ಲಿ, ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ ಅಲ್ಲಿ 'ರಿಟ್ರೀಟ್' ಎಂಬ ಮನೆಯನ್ನು ತೆರೆದ. ವೈದ್ಯನಲ್ಲ, ಚಹಾ ವ್ಯಾಪಾರಿ. ಅಲ್ಲಿ ರೋಗಿಗಳು ತೋಟದ ಕೆಲಸ ಮಾಡುತ್ತಿದ್ದರು, ಹೊಲಿಯುತ್ತಿದ್ದರು, ಅತಿಥಿಗಳಂತೆ ಕೂತು ಚಹಾ ಕುಡಿಯುತ್ತಿದ್ದರು. ಮನುಷ್ಯನನ್ನು ಮನುಷ್ಯನ ಹಾಗೆ ನಡೆಸಿಕೊಂಡು ಕೈಗೆ ಕೆಲಸ ಕೊಟ್ಟರೆ ಅವನ ವರ್ತನೆಯೂ ಹಾಗೆಯೇ ಆಗುತ್ತದೆ ಎಂಬುದು ಅಲ್ಲಿನ ನಂಬಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಪತ್ರೆಗಳು ದೊಡ್ಡವಾದವು, ರೋಗಿಗಳು ಸಾವಿರಗಟ್ಟಲೆಯಾದರು, ಆ ನಂಬಿಕೆ ಬಹುಮಟ್ಟಿಗೆ ಮರೆತುಹೋಯಿತು.

ಅದನ್ನು ಮತ್ತೆ ಎತ್ತಿಕೊಂಡವರಲ್ಲಿ ಒಬ್ಬ ಅಮೆರಿಕದ ಜಾರ್ಜ್ ಎಡ್ವರ್ಡ್ ಬಾರ್ಟನ್. ಅವನೂ ವೈದ್ಯನಲ್ಲ, ಕಟ್ಟಡ ವಿನ್ಯಾಸಕ. ಕ್ಷಯ ಬಂತು. ಹಿಮದಿಂದ ಪಾದ ಕೊಳೆತು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಆಮೇಲೆ ಮೈಯ ಎಡಭಾಗ ಸ್ವಾಧೀನ ತಪ್ಪಿತು. ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ಆರೋಗ್ಯಧಾಮಕ್ಕೆ ಬಂದವನು ಅಲ್ಲೇ ಒಂದು ಹಳೆಯ ಮನೆ ಕೊಂಡು, ಮರಗೆಲಸ ಮಾಡುತ್ತಾ, ತೋಟ ಅಗೆಯುತ್ತಾ ತನ್ನ ಕೈಕಾಲುಗಳನ್ನು ಮತ್ತೆ ಬಳಕೆಗೆ ತಂದುಕೊಂಡ. ಆ ಮನೆಗೆ 'ಕನ್ಸೊಲೇಷನ್ ಹೌಸ್' ಎಂದು ಹೆಸರಿಟ್ಟ. 'ಸಾಂತ್ವನದ ಮನೆ' ಅನ್ನಬಹುದು. 1917ರ ಮಾರ್ಚ್ 15ರಿಂದ ಮೂರು ದಿನ ಆರು ಜನ ಅಲ್ಲಿ ಸೇರಿದರು: ಬಾರ್ಟನ್, ಮನೋವೈದ್ಯ ವಿಲಿಯಂ ರಶ್ ಡಂಟನ್, ಸಮಾಜಸೇವಾ ಹಿನ್ನೆಲೆಯ ಎಲೀನರ್ ಕ್ಲಾರ್ಕ್ ಸ್ಲ್ಯಾಗಲ್, ಕರಕುಶಲ ಶಿಕ್ಷಕಿ ಸೂಸನ್ ಕಾಕ್ಸ್ ಜಾನ್ಸನ್, ಕೆನಡಾದಿಂದ ಬಂದ ಇನ್ನೊಬ್ಬ ವಿನ್ಯಾಸಕ ಥಾಮಸ್ ಕಿಡ್ನರ್, ಮತ್ತು ಬಾರ್ಟನ್ನನ ಕಾರ್ಯದರ್ಶಿ ಇಸಾಬೆಲ್ ನ್ಯೂಟನ್. ನಮ್ಮ ಸಂಘದ ಕಾರ್ಯಕಾರಿ ಸಮಿತಿಗಿಂತ ಚಿಕ್ಕ ಸಭೆ. ಆಕ್ಯುಪೇಷನಲ್ ಥೆರಪಿ ಎಂಬ ಹೆಸರಿನ ವೃತ್ತಿಸಂಘ ಹುಟ್ಟಿದ್ದು ಅಲ್ಲಿ. ಗಮನಿಸಿ, ಆರು ಜನರಲ್ಲಿ ವೈದ್ಯ ಒಬ್ಬನೇ. ಫೋನಿನಲ್ಲಿ ಕೇಳಿದ ಸ್ನೇಹಿತರಿಗೆ ಇದೇ ನನ್ನ ಉತ್ತರ.

ಅವರಲ್ಲಿ ಸ್ಲ್ಯಾಗಲ್ ಮಾಡಿದ ಕೆಲಸ ನನ್ನಂಥ ಲೆಕ್ಕಿಗನಿಗೆ ಬೇಗ ಅರ್ಥವಾಗುತ್ತದೆ. ವರ್ಷಗಟ್ಟಲೆ ಆಸ್ಪತ್ರೆಯ ಮೂಲೆಯಲ್ಲಿ ಕೂತುಬಿಟ್ಟವರಿಗೆ ಅವರು ಇಪ್ಪತ್ತನಾಲ್ಕು ಗಂಟೆಗಳ ವೇಳಾಪಟ್ಟಿ ಮಾಡಿದರು. ಏಳುವುದು, ತೊಳೆದುಕೊಳ್ಳುವುದು, ಕೆಲಸ, ಆಟ, ವಿಶ್ರಾಂತಿ, ನಿದ್ರೆ. ಅದಕ್ಕೆ ಅಭ್ಯಾಸ ತರಬೇತಿ ಎಂದು ಹೆಸರು. ಜಾನ್ಸ್ ಹಾಪ್‌ಕಿನ್ಸ್‌ನ ಹೆಸರಾಂತ ಮನೋವೈದ್ಯ ಅಡಾಲ್ಫ್ ಮೇಯರ್ 1921ರಲ್ಲಿ ಈ ಸಂಘದ ಸಭೆಯಲ್ಲಿ ಮಾಡಿದ ಭಾಷಣ ಮರುವರ್ಷ ಅಚ್ಚಾಯಿತು, ಇವತ್ತಿಗೂ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಅದರ ತಿರುಳು ಇಷ್ಟು: ಮನುಷ್ಯನ ಆರೋಗ್ಯ ಅವನು ಕಾಲವನ್ನು ಹೇಗೆ ಬಳಸುತ್ತಾನೆ ಎಂಬುದರಲ್ಲಿದೆ, ಆ ಲಯ ಕೆಟ್ಟಾಗ ಅದನ್ನು ಸರಿಪಡಿಸುವ ದಾರಿ ಬರಿಯ ಮಾತಲ್ಲ, ನಿಜವಾದ ಕೆಲಸ ಮಾಡುವುದು. ಥೆರಪಿಸ್ಟ್ ಅಮ್ಮನನ್ನು ಕೇಳಿದ ಪ್ರಶ್ನೆಗೆ ನೂರು ವರ್ಷ ವಯಸ್ಸಾಗಿದೆ ಎಂದು ನನಗೆ ಗೊತ್ತಾಗಿದ್ದು ಆಗ.

ಇನ್ನು ನಾನಿರುವ ಊರು. ನಮ್ಮ ಮನೆ ಬ್ರಿಸ್ಟಲ್‌ನಲ್ಲಿ. ಊರಿಂದ ಯಾರು ಬಂದರೂ ಕ್ಲಿಫ್ಟನ್ ತೂಗುಸೇತುವೆ ತೋರಿಸಲು ಕರೆದುಕೊಂಡು ಹೋಗುತ್ತೇವೆ. ಅಪ್ಪ ಅಮ್ಮ ಬಂದಾಗಲೂ ಹೋಗಿದ್ದೆವು. ಬ್ರಿಟನ್ನಿನ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ 1930ರಲ್ಲಿ ಆರಂಭವಾಗಿದ್ದು ಅದೇ ಕ್ಲಿಫ್ಟನ್ ಬಡಾವಣೆಯಲ್ಲಿ, 'ಡಾರ್ಸೆಟ್ ಹೌಸ್' ಎಂಬ ಮನೆಯಲ್ಲಿ. ಅಲ್ಲಿ ಕ್ಲಿಫ್ಟನ್ ಸ್ಪ್ರಿಂಗ್ಸ್, ಇಲ್ಲಿ ಕ್ಲಿಫ್ಟನ್. ಹತ್ತು ವರ್ಷ ಅದೇ ದಾರಿಯಲ್ಲಿ ಓಡಾಡಿದ ನನಗೆ ಇದು ಗೊತ್ತಿರಲಿಲ್ಲ.

ಡಾರ್ಸೆಟ್ ಹೌಸ್ ಕಟ್ಟಿದವರು ಡಾ. ಎಲಿಜಬೆತ್ ಕ್ಯಾಸನ್. 1881ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದವರು. ಲಂಡನ್ನಿನ ಸದರ್ಕ್‌ನಲ್ಲಿ ಬಡವರ ವಸತಿಗಾಗಿ ದುಡಿದ ಆಕ್ಟೇವಿಯಾ ಹಿಲ್ ಅವರ ಬಳಿ ಕಾರ್ಯದರ್ಶಿಯಾಗಿದ್ದು, ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿದರು. ನಮ್ಮಲ್ಲಿ ಯಾರಾದರೂ ಇನ್ನು ತಡವಾಯಿತು ಅಂದುಕೊಂಡಿದ್ದರೆ ನೆನಪಿಟ್ಟುಕೊಳ್ಳಿ. ಮನೋವೈದ್ಯೆಯಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರನ್ನು ಕಾಡಿದ್ದು ರೋಗಕ್ಕಿಂತ ಹೆಚ್ಚಾಗಿ ವಾರ್ಡಿನ ಬೇಸರ. ಮಾಡಲು ಏನೂ ಇಲ್ಲದೆ ಹೆಂಗಸರು ಸುಮ್ಮನೆ ಕೂತಿರುತ್ತಿದ್ದರು. ಒಂದು ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ವಾರ್ಡಿನ ಕಳೆಯೇ ಬೇರೆ. ಕ್ರಿಸ್‌ಮಸ್ ಹತ್ತಿರ ಬಂದಿತ್ತು, ದಾದಿಯರು ಬಣ್ಣದ ಕಾಗದ, ಒಣ ರೆಂಬೆಗಳನ್ನು ತಂದು ಕೊಟ್ಟಿದ್ದರು, ಹೆಂಗಸರು ಗುಂಪುಗುಂಪಾಗಿ ಕೂತು ಹೂವು ಎಲೆ ಮಾಡುತ್ತಿದ್ದರು. ಆ ಬೆಳಗನ್ನು ಕ್ಯಾಸನ್ ಬಹಳ ವರ್ಷಗಳ ನಂತರವೂ ನೆನೆದು ಬರೆದಿದ್ದಾರೆ. ನವರಾತ್ರಿಗೆ ಗೊಂಬೆ ಜೋಡಿಸುವ ಮನೆಗಳಲ್ಲಿ, ಎದ್ದು ಓಡಾಡಲಾರದ ಅಜ್ಜಿಯೂ ಹತ್ತಿ ಎಳೆದು ಗೆಜ್ಜೆವಸ್ತ್ರ ಮಾಡುತ್ತಾ ಕೂರುವುದನ್ನು ಕಂಡವರಿಗೆ ಈ ಬೆಳಗು ಹೊಸದಲ್ಲ.

ಅದಕ್ಕೂ ಮೊದಲು, 1925ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್‌ನ ಆಸ್ಪತ್ರೆಯಲ್ಲಿ ಮಾರ್ಗರೆಟ್ ಬಾರ್ ಫುಲ್ಟನ್ ಕೆಲಸಕ್ಕೆ ಸೇರಿದ್ದರು. ಬ್ರಿಟನ್ನಿನಲ್ಲಿ ತರಬೇತಿ ಪಡೆದ ಮೊದಲ ಆಕ್ಯುಪೇಷನಲ್ ಥೆರಪಿಸ್ಟ್ ಅವರೇ. ಫುಲ್ಟನ್ ಕಲಿತದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಡಾರ್ಸೆಟ್ ಹೌಸಿನ ಮೊದಲ ಪ್ರಾಂಶುಪಾಲೆ ಕಾನ್‌ಸ್ಟನ್ಸ್ ಟೆಬಿಟ್ ಕಲಿತದ್ದೂ ಅಲ್ಲೇ. ಸಮುದ್ರ ದಾಟಿ ಕಲಿತು, ತಿರುಗಿ ಬಂದು, ಹೊಸ ಮಣ್ಣಿನಲ್ಲಿ ನೆಟ್ಟವರ ಕಥೆ ಇದು. ಈ ಸಭಾಂಗಣದಲ್ಲಿ ಇದು ಯಾರಿಗೂ ಅಪರಿಚಿತವಲ್ಲ.

ಈ ನಡುವೆ ಯುದ್ಧಗಳು ಬಂದವು. ಮೊದಲ ಮಹಾಯುದ್ಧದಲ್ಲಿ ತಲೆಗೆ ಗುಂಡು ಬಿದ್ದೂ ಬದುಕಿದ ಸಾವಿರಾರು ಸೈನಿಕರು ಮನೆಗೆ ಮರಳಿದರು. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನರವಿಜ್ಞಾನಿ ಕರ್ಟ್ ಗೋಲ್ಡ್‌ಸ್ಟೀನ್ ಅಂಥವರಿಗಾಗಿ ಒಂದು ಸಂಸ್ಥೆಯನ್ನೇ ನಡೆಸಿದ. ಅಲ್ಲಿ ಪರೀಕ್ಷಾ ಕೋಣೆಯ ಜೊತೆಗೆ ಕಾರ್ಯಾಗಾರವೂ ಇತ್ತು. ಮೆದುಳಿಗೆ ಪೆಟ್ಟಾದವನು ಕಲ್ಪಿಸಿಕೊಂಡು ಮಾಡಬೇಕಾದ್ದನ್ನು ಮಾಡಲಾರ, ಆದರೆ ಅದೇ ಕೆಲಸ ನಿಜ ಸಂದರ್ಭದಲ್ಲಿ ಎದುರಾದರೆ ಎಷ್ಟೋ ಸಲ ಮಾಡಬಲ್ಲ ಎಂದು ಗೋಲ್ಡ್‌ಸ್ಟೀನ್ ಕಂಡುಕೊಂಡ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೂರರಲ್ಲಿ ಏಳನ್ನು ಎರಡನೆಯ ಸಲ ಕಳೆಯಲಾಗದ ಅಪ್ಪ ಅದೇ ವಾರ ಹಾಲಿನವನಿಗೆ ಐವತ್ತರ ನೋಟು ಕೊಟ್ಟು, ಉಳಿದ ಚಿಲ್ಲರೆಯನ್ನು ಎಣಿಸಿ ತೆಗೆದುಕೊಂಡಿದ್ದರು. ನಾನು ಪರೀಕ್ಷೆಯ ಅಂಕವನ್ನು ನಂಬಿದೆ, ಹಾಲಿನವನಿಗೆ ಆನ್‌ಲೈನ್ ಪಾವತಿ ಮಾಡಿದೆ.

ಎರಡನೆಯ ಮಹಾಯುದ್ಧದ ನಂತರ ಚಿಕಿತ್ಸೆಯ ಮುಖ ಬದಲಾಯಿತು. ಬುಟ್ಟಿ ಹೆಣೆಯುವುದು, ನೇಯುವುದು ಹಿಂದಕ್ಕೆ ಸರಿದು ದಿನನಿತ್ಯದ ಬದುಕು ಮುಂದೆ ಬಂತು. ಅದನ್ನು ಅಳೆಯಲು ಪಟ್ಟಿಗಳೂ ಬಂದವು. 1963ರಲ್ಲಿ ಸಿಡ್ನಿ ಕಾಟ್ಜ್ ತಂಡದ ಆರು ಅಂಶಗಳ ಪಟ್ಟಿ: ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. 1965ರಲ್ಲಿ ಮೇರಿಲ್ಯಾಂಡ್‌ನ ವೈದ್ಯೆ ಫ್ಲಾರೆನ್ಸ್ ಮಹೋನಿ ಮತ್ತು ಫಿಸಿಯೋಥೆರಪಿಸ್ಟ್ ಡಾರೊಥಿಯಾ ಬಾರ್ಥೆಲ್ ನೂರು ಅಂಕಗಳ ಪಟ್ಟಿಯನ್ನು ಪ್ರಕಟಿಸಿದರು. ಪಾರ್ಶ್ವವಾಯು ಆದವರ ಕಡತದಲ್ಲಿ ಇವತ್ತಿಗೂ ಬಾರ್ಥೆಲ್ ಅಂಕ ಇರುತ್ತದೆ. ನನಗೆ ಇಷ್ಟವಾಗಿದ್ದು ಆ ಇಬ್ಬರ ಪ್ರಾಮಾಣಿಕತೆ. ನೂರಕ್ಕೆ ನೂರು ಬಂದವನೂ ಒಬ್ಬನೇ ಬದುಕಬಲ್ಲ ಎಂದೇನಿಲ್ಲ, ಅವನಿಗೆ ಅಡುಗೆ ಮಾಡಲು, ಮನೆ ನಡೆಸಲು ಆಗದಿರಬಹುದು ಎಂದು ತಮ್ಮ ಲೇಖನದಲ್ಲೇ ಎಚ್ಚರಿಸಿದರು. ನಮ್ಮ ವೃತ್ತಿಯಲ್ಲಿ ಬ್ಯಾಲೆನ್ಸ್ ಶೀಟಿನ ಕೆಳಗೆ ಬರೆಯುವ ಟಿಪ್ಪಣಿಯ ಹಾಗೆ. ಅಂಕಿ ಎಲ್ಲಿಗೆ ನಿಲ್ಲುತ್ತದೆ ಎನ್ನುವುದನ್ನೂ ಹೇಳಬೇಕು.

ಆ ಕೊರತೆ ತುಂಬಿದ್ದು 1969ರಲ್ಲಿ ಪೊವೆಲ್ ಲಾಟನ್ ಮತ್ತು ಎಲೇನ್ ಬ್ರಾಡಿ ಅವರ ಪಟ್ಟಿ. ಫೋನ್, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧ, ಹಣಕಾಸು, ಹೀಗೆ ಎಂಟು. ಇದರಲ್ಲೊಂದು ತಮಾಷೆಯಿದೆ. ಆಗ ಗಂಡಸರಿಗೆ ಅಡುಗೆ, ಮನೆಗೆಲಸ, ಬಟ್ಟೆ ಈ ಮೂರನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹೆಂಗಸರಿಗೆ ಎಂಟು ಅಂಕ, ಗಂಡಸರಿಗೆ ಐದು. ನಗಬೇಡಿ, ಸಾಗರದ ನಮ್ಮ ಮನೆಯಲ್ಲೂ ಅದೇ ಲೆಕ್ಕ ನಡೆಯುತ್ತಿತ್ತು. ಎಂಟನೆಯ ಅಂಶ ಮಾತ್ರ ನನ್ನ ವೃತ್ತಿಯದು. ಮರೆವಿನ ಕಾಯಿಲೆಯಲ್ಲಿ ಮೊದಮೊದಲಿಗೇ ಎಡವುವ ಕೆಲಸಗಳಲ್ಲಿ ಹಣದ ವ್ಯವಹಾರವೂ ಒಂದು. ಎರಡು ಸಲ ಕಟ್ಟಿದ ಬಿಲ್ಲು, ತಾಳೆಯಾಗದ ಪಾಸ್‌ಬುಕ್ಕು. ಅಂಥದ್ದು ಎಷ್ಟೋ ಗ್ರಾಹಕರ ಕಡತದಲ್ಲಿ ನನ್ನ ಕಣ್ಣಿಗೆ ಬಿದ್ದಿದೆ. ಅಪ್ಪನ ಕಿರ್ದಿಯನ್ನು ಮಾತ್ರ ನಾನು ತೆರೆದು ನೋಡಿರಲಿಲ್ಲ.

ಭಾರತಕ್ಕೆ ಈ ವಿದ್ಯೆ ಬಂದದ್ದು ಹೇಗೆ? ಅದೂ ವಲಸೆಯ ಕಥೆಯೇ, ಆದರೆ ತಿರುಗು ದಿಕ್ಕಿನದು. ಎಲಿಜಬೆತ್ ಲುಂಡಿ ಎಂಬ ಅಮೆರಿಕದ ಹೆಣ್ಣುಮಗಳು ನಿಂಬ್ಕರ್ ಮನೆತನದವರನ್ನು ಮದುವೆಯಾಗಿ ಕಮಲಾ ನಿಂಬ್ಕರ್ ಆಗಿ ಭಾರತದಲ್ಲಿ ನೆಲೆಸಿದರು. ನಡುವಯಸ್ಸಿನಲ್ಲಿ ಮತ್ತೆ ಫಿಲಡೆಲ್ಫಿಯಾಕ್ಕೆ ಹೋಗಿ ಆಕ್ಯುಪೇಷನಲ್ ಥೆರಪಿ ಕಲಿತು ಬಂದು, 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಹತ್ತು ದೇಶಗಳು ಸೇರಿ ವಿಶ್ವ ಒಕ್ಕೂಟ ಕಟ್ಟಿಕೊಂಡಾಗ ಭಾರತವೂ ಸ್ಥಾಪಕರ ಪಂಕ್ತಿಯಲ್ಲಿತ್ತು. ಒಕ್ಕೂಟದ ಮೊದಲ ಅಧ್ಯಕ್ಷೆ ಅಬರ್ಡೀನಿನ ಆ ಫುಲ್ಟನ್ ಅವರೇ.

ನಮ್ಮ ನಾಡಿನ ಮಾತೂ ಹೇಳಬೇಕು. ಫುಲ್ಟನ್ ಅಬರ್ಡೀನ್‌ನಲ್ಲಿ ಕೆಲಸಕ್ಕೆ ಸೇರಿದ 1925ರಲ್ಲೇ ಮೈಸೂರು ಸಂಸ್ಥಾನ ಬೆಂಗಳೂರಿನ ಹುಚ್ಚಾಸ್ಪತ್ರೆಯ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿತು. 1954ರಲ್ಲಿ ಅದರ ಪಕ್ಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮನಸ್ಸು ಮತ್ತು ನರ ಎರಡನ್ನೂ ಒಂದೇ ಸೂರಿನಡಿ ತಂದ ಸಂಸ್ಥೆ ನಮ್ಮದು. ಆದರೂ ಜಿಲ್ಲೆ ತಾಲ್ಲೂಕಿನ ಮಟ್ಟದಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಸಿಗುವುದು ಕಷ್ಟ. 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು: ಇದೆಲ್ಲ ಕೇಳಲು ಚೆನ್ನ, ಕೆಲಸ ಮಾಡುತ್ತದೆಯೇ? ಆಡಿಟರ್ ಆಗಿ ನಾನೂ ಅದನ್ನೇ ಕೇಳಿದೆ. 2006ರಲ್ಲಿ ನೆದರ್‌ಲ್ಯಾಂಡ್ಸ್‌ನ ಮೌಡ್ ಗ್ರಾಫ್ ಮತ್ತು ಸಂಗಡಿಗರು 135 ರೋಗಿಗಳ ಅಧ್ಯಯನ ಪ್ರಕಟಿಸಿದರು. ಐದು ವಾರದಲ್ಲಿ ಮನೆಯಲ್ಲೇ ಹತ್ತು ಭೇಟಿ. ರೋಗಿಗಳ ದಿನನಿತ್ಯದ ಕೆಲಸ ಸುಧಾರಿಸಿತು, ನೋಡಿಕೊಳ್ಳುವವರ ಭಾರ ಹಗುರವಾಯಿತು. 2008ರಲ್ಲಿ ಅದೇ ತಂಡ ಖರ್ಚಿನ ಲೆಕ್ಕವನ್ನೂ ಕೊಟ್ಟಿತು: ಚಿಕಿತ್ಸೆ ಪಡೆದ ಗುಂಪಿನಲ್ಲಿ ಸರಾಸರಿ ವೆಚ್ಚ 1,748 ಯೂರೋ ಕಡಿಮೆ. ಉಳಿತಾಯದ ಮುಖ್ಯ ಭಾಗ ಯಾವುದು ಗೊತ್ತೇ? ಮನೆಯವರು ಸಂಬಳವಿಲ್ಲದೆ ಮಾಡುವ ಆರೈಕೆಯ ಗಂಟೆಗಳು. ನಮ್ಮ ಅಮ್ಮಂದಿರ ಗಂಟೆಗಳಿಗೆ ಬೆಲೆ ಕಟ್ಟಿದ ಲೆಕ್ಕವನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಗೇ ನಿಲ್ಲಿಸಿದರೆ ನಾನು ಆಡಿಟರ್ ಅಲ್ಲ. ಇದೇ ವಿಧಾನವನ್ನು ಜರ್ಮನಿಯಲ್ಲಿ 141 ರೋಗಿ-ಕುಟುಂಬಗಳ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಕೊಟ್ಟರು. ಹತ್ತು ಭೇಟಿಗೂ, ಥೆರಪಿಸ್ಟ್ ಒಮ್ಮೆ ಬಂದು ಸಲಹೆ ಕೊಟ್ಟು ಹೋಗಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ 468 ಜೋಡಿಗಳ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಬಂತು. ಮಾಮೂಲಿ ಸೇವೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಇಲ್ಲಿನ ಅಧಿಕೃತ ಮಾರ್ಗಸೂಚಿ ಆರಂಭದ ಮತ್ತು ಮಧ್ಯಮ ಹಂತದ ಡಿಮೆನ್ಷಿಯಾಕ್ಕೆ ಇದನ್ನು ಪರಿಗಣಿಸಿ ಎನ್ನುತ್ತದೆ, ಕೊಡಲೇಬೇಕು ಎನ್ನುವುದಿಲ್ಲ. ಹಾಗಾಗಿ ನನ್ನ ಆಡಿಟ್ ವರದಿಯೂ ಷರತ್ತುಬದ್ಧ. ಇದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಪವಾಡವೆಂದು ಯಾರಾದರೂ ಮಾರಿದರೆ ಕೊಳ್ಳಬೇಡಿ. ಯಾರು, ಯಾವ ಮನೆಯಲ್ಲಿ, ಹೇಗೆ ಮಾಡಿದರು ಎನ್ನುವುದರ ಮೇಲೆ ಫಲ ನಿಂತಿದೆ ಎನ್ನುವುದು ನನ್ನ ತಿಳುವಳಿಕೆ.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಅದು ಒಂದೇ ಮನೆಯ ಲೆಕ್ಕ, ಪುರಾವೆಯಲ್ಲ. ಆ ಹೆಣ್ಣುಮಗಳು ಮೊದಲು ಹಾಲಿನ ಆನ್‌ಲೈನ್ ಪಾವತಿ ನಿಲ್ಲಿಸಿ ಅಂದರು. ಬಾಗಿಲ ಬಳಿ ಡಬ್ಬಿಯಲ್ಲಿ ಚಿಲ್ಲರೆ ಇಡಿಸಿದರು. ಹಿತ್ತಲ ಬಾಗಿಲ ಚಿಲಕ ತೆಗೆಸಿ, ಮೆಟ್ಟಿಲಿಗೆ ಹಿಡಿಕೆ ಹಾಕಿಸಿ, ಅಂಚಿಗೆ ಹಳದಿ ಪಟ್ಟಿ ಬಳಿಸಿದರು. ಬಚ್ಚಲಿಗೆ, ದೇವರ ಕೋಣೆಗೆ ಕನ್ನಡದಲ್ಲಿ ದಪ್ಪ ಅಕ್ಷರದ ಫಲಕ. ಹುಡುಗನಿಗೆ ಹೇಳಿದರು: "ಅಂಗಿ ನೀನು ತೊಡಿಸಬೇಡ. ತೋಳು ಹಾಕಿಕೊಟ್ಟು ಕೊನೆಯ ಗುಂಡಿ ಅವರಿಗೇ ಬಿಡು. ಅದು ಬಂದ ಮೇಲೆ ಕೊನೆಯ ಎರಡು." ಅಟ್ಟದಿಂದ ಕೆಂಪು ಪುಸ್ತಕ ಕೆಳಗಿಳಿಯಿತು. ಹೊಸ ಪುಸ್ತಕದಲ್ಲಿ ದಿನಕ್ಕೆ ಎರಡೇ ಸಾಲು: ಹಾಲು, ಪೇಪರ್.

ಮೂರನೆಯ ವಾರ ವಿಡಿಯೋ ಕರೆಯಲ್ಲಿ ಅಪ್ಪ ಪುಸ್ತಕ ಎತ್ತಿ ತೋರಿಸಿದರು. ತಿಂಗಳುಗಟ್ಟಲೆ ಆದಮೇಲೆ ತಾವಾಗಿ ಮಾಡಿದ ಮೊದಲ ಕೆಲಸ. ನಾನು ನೋಡಿದೆ. ಹಾಲು ಇಪ್ಪತ್ತೆರಡು, ಪೇಪರ್ ಐದು, ಒಟ್ಟು ಮೂವತ್ತೇಳು. "ಅಪ್ಪ, ಇಪ್ಪತ್ತೇಳು ಅಲ್ವಾ?" ಅಂದೆ. ಬಾಯಿಂದ ಬಂದೇಬಿಟ್ಟಿತ್ತು. ಅವರು ಪುಸ್ತಕ ಮುಚ್ಚಿದರು. ಎಂಟು ದಿನ ತೆರೆಯಲಿಲ್ಲ. ಥೆರಪಿಸ್ಟ್ ಅಮ್ಮನ ಹತ್ತಿರ ಹೇಳಿಕಳಿಸಿದರು: "ಆಡಿಟರ್ ಮಗನಿಗೆ ಹೇಳಿ, ಈ ಪುಸ್ತಕಕ್ಕೆ ಆಡಿಟ್ ಇಲ್ಲ."

ಆಮೇಲೆ ಓದಿ ತಿಳಿದೆ, ಇದರ ಹಿಂದೆಯೂ ಸಂಶೋಧನೆ ಇದೆ. ಬ್ರಿಟನ್ನಿನ ಆಲನ್ ಬ್ಯಾಡ್ಲಿ, ಬಾರ್ಬರಾ ವಿಲ್ಸನ್ 1994ರಲ್ಲಿ ತೋರಿಸಿದ ಹಾಗೆ, ನೆನಪಿನ ಶಕ್ತಿ ಕುಂದಿದವರು ತಪ್ಪಿನಿಂದ ಕಲಿಯಲಾರರು; ತಪ್ಪಾಗದಂತೆ ಮೊದಲೇ ಆಸರೆ ಕೊಟ್ಟರೆ ಹೆಚ್ಚು ಕಲಿಯುತ್ತಾರೆ. ನಮ್ಮನ್ನು ಬೆಳೆಸಿದ್ದು ತಪ್ಪು ತಿದ್ದುವ ಶಾಲೆ. ನನ್ನ ಸಂಬಳವೂ ಅದರಿಂದಲೇ. ಅದನ್ನು ಅಪ್ಪನ ಮುಂದೆ ಬಾಗಿಲ ಹೊರಗೆ ಬಿಡಲು ನನಗೆ ಎರಡು ವರ್ಷ ಬೇಕಾಯಿತು.

ಬಂಧುಗಳೇ, ನಾವು ಊರಿಗೆ ಹಣ ಕಳಿಸುತ್ತೇವೆ, ಆಳು ಇಡುತ್ತೇವೆ, ಕ್ಯಾಮೆರಾ ಹಾಕುತ್ತೇವೆ. ಎಲ್ಲವೂ ಬೇಕು, ನಾನೂ ಮಾಡಿದ್ದೇನೆ. ಆದರೆ ಮುಂದಿನ ಭಾನುವಾರ ಫೋನ್ ಮಾಡಿದಾಗ "ಮಾತ್ರೆ ತಗೊಂಡ್ರಾ, ಊಟ ಆಯ್ತಾ" ಎಂದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: "ಇವತ್ತು ಏನು ಮಾಡಿದಿರಿ?" ಉತ್ತರ ಸಿಗದಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ವಿಭಾಗ ಇದೆಯೇ ಎಂದು ವಿಚಾರಿಸಿ. ರಜೆಯಲ್ಲಿ ಹೋದಾಗ ಮೊದಲ ಎರಡು ದಿನ ಏನನ್ನೂ ಜೋಡಿಸಬೇಡಿ, ಬದಲಿಸಬೇಡಿ. ಸುಮ್ಮನೆ ಕೂತು ಅವರ ಇಪ್ಪತ್ತನಾಲ್ಕು ಗಂಟೆ ಬರೆದುಕೊಳ್ಳಿ. ಅಪಾಯವಿರುವ ಕೆಲಸ ಯಾವುದು, ಅಪಾಯವಿಲ್ಲದೆ ಬರಿ ನಿಧಾನವಾಗಿರುವ ಕೆಲಸ ಯಾವುದು ಎಂದು ಬೇರೆ ಮಾಡಿ. ನಿಧಾನವಾಗಿದೆ ಎಂಬ ಕಾರಣಕ್ಕೆ ಯಾವುದನ್ನೂ ಕಿತ್ತುಕೊಳ್ಳಬೇಡಿ.

ಅಪ್ಪ 2022ರಲ್ಲಿ ತೀರಿಕೊಂಡರು. ಊರಿನಿಂದ ನಾನು ತಂದಿದ್ದು ಮೂರು ಕೆಂಪು ಪುಸ್ತಕ. ಒಂದು ರಾತ್ರಿ ಅವನ್ನು ಬಿಡಿಸಿ ಕೂತೆ. ಆಡಿಟ್ ಇಲ್ಲ ಅಂದಿದ್ದರು, ಆದರೂ ಕೈ ಕೇಳಲಿಲ್ಲ. ಮೊದಲ ಪುಸ್ತಕ ಬಹುಮಟ್ಟಿಗೆ ತಾಳೆಯಾಗುತ್ತದೆ. ಎರಡನೆಯದರಲ್ಲಿ ಇಸವಿ ಒಂದು ಕಡೆ 1984, ಇನ್ನೊಂದು ಕಡೆ 2020. ಶಿಲ್ಕು ಕೆಲವು ದಿನ ಸಾವಿರಾರು ರೂಪಾಯಿ, ಮಂಡಿಯ ಶಿಲ್ಕಿನ ಹಾಗೆ. ಮೂರನೆಯದರಲ್ಲಿ ಅಂಕಿಗಳೇ ಇಲ್ಲ. ಪ್ರತಿ ಪುಟದ ಮೇಲೆ 'ಶ್ರೀ', ಎಡಕ್ಕೂ ಬಲಕ್ಕೂ ನಡುವೆ ಒಂದು ಗೆರೆ, ಕೆಳಗೆ ಸಹಿ. ಸ್ಕೇಲ್ ಇಲ್ಲದೆ ಎಳೆದ ಗೆರೆ. ಒಂದು ಪುಟದಲ್ಲೂ ಅದು ಸೊಟ್ಟಗಾಗಿಲ್ಲ.

 ತೆರಿಗೆಯ ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಸಿಗುತ್ತೇನೆ.